ಉಬ್ಬು ಮತ್ತು ಅಚ್ಚು

ಮಳೆಗಾಲದಲ್ಲಿ ಹೊಳೆ ಉಬ್ಬುತ್ತದೆ. ಕಾದ ಎಣ್ಣೆಯಲ್ಲಿ ಪೂರಿ ಉಬ್ಬುತ್ತದೆ. ಮಕ್ಕಳ ಏಳಿಗೆಯನ್ನು ಕಂಡ ತಾಯಿಯ ಎದೆ ಉಬ್ಬುತ್ತದೆ. ಆದರೆ ಕಲ್ಲು ಉಬ್ಬುವುದುಂಟೆ? ಹಾಗಿದ್ದರೂ ‘ಉಬ್ಬುಶಿಲ್ಪ’ ಎಂಬ ಮಾತು ಕನ್ನಡದಲ್ಲಿ ಬಳಕೆಯಲ್ಲಿದೆ. ಇಂತಹ ಪದಗಳ ಅರ್ಥ ತಿಳಿಯಬೇಕಾದರೆ ಅವುಗಳ ಹಿಂದಿರುವ ಕೈಕೆಲಸವನ್ನು ತಿಳಿಯಬೇಕು.

ಶಿಲ್ಪಿಯು ಆಕೃತಿಯ ಸುತ್ತಲಿನ ಕಲ್ಲನ್ನು ಉಳಿಯಿಂದ ಕೆತ್ತಿ ತೆಗೆಯುತ್ತಾನೆ. ಹಿನ್ನೆಲೆಯು ತಗ್ಗಿದಷ್ಟೂ ಆಕೃತಿಯು ಎದ್ದು ಕಾಣುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಆನೆಗಳ ಸಾಲು ಮೂಡಿದುದು ಹೀಗೆಯೇ. ಅಕ್ಷರಗಳನ್ನು ಬರೆಯುವಾಗಲಾದರೋ ಕಲ್ಲನ್ನೇ ಒಳಕ್ಕೆ ಕೊರೆಯುತ್ತಿದ್ದರು. ಹತ್ತನೆಯ ಶತಮಾನದ ಆತಕೂರಿನ ಶಾಸನದಲ್ಲಿ ಈ ಎರಡೂ ಒಂದೇ ಕಲ್ಲಿನ ಮೇಲಿವೆ. ಕಾಳಿ ಎಂಬ ಬೇಟೆನಾಯಿಯು ಕಾಡುಹಂದಿಯೊಡನೆ ಸೆಣಸುವ ಚಿತ್ರವು ಉಬ್ಬಿನಲ್ಲಿದೆ. ಅದರ ಸಾಹಸವನ್ನು ಹೇಳುವ ಅಕ್ಷರಗಳು ಕೊರೆತದಲ್ಲಿವೆ.

ಲೋಹದ ತಗಡಾದರೋ ನಿಜವಾಗಿಯೂ ಉಬ್ಬುತ್ತದೆ. ಕುಶಲಕರ್ಮಿಯು ಬೆಳ್ಳಿಯ ಅಥವಾ ತಾಮ್ರದ ತಗಡನ್ನು ಮೆತ್ತನೆಯ ಹಾಸಿನ ಮೇಲಿರಿಸಿ ಹಿಂಬದಿಯಿಂದ ಬಡಿಯುತ್ತಾನೆ. ಚಿತ್ರವು ಮುಂಬದಿಯಲ್ಲಿ ಏಳುತ್ತದೆ. ದೇವರ ಕವಚ, ಪ್ರಭಾವಳಿಗಳಲ್ಲಿ ಈ ಕೆಲಸವನ್ನು ಕಾಣಬಹುದು.

ಮೂರನೆಯ ವಿಧಾನ ಅಚ್ಚಿನದು. ಅಚ್ಚಿನಲ್ಲಿ ತಗ್ಗಾಗಿರುವುದು ಒತ್ತಿದ ವಸ್ತುವಿನಲ್ಲಿ ಉಬ್ಬಾಗುತ್ತದೆ, ಎಡವು ಬಲವಾಗುತ್ತದೆ. ಆದುದರಿಂದ ಅಚ್ಚು ಕೊರೆಯುವವನು ಎಲ್ಲವನ್ನೂ ತಿರುವುಮುರುವಾಗಿ ಕಲ್ಪಿಸಿಕೊಳ್ಳಬೇಕು. ನಾಣ್ಯಗಳು ಹೀಗೆ ಸಿದ್ಧವಾಗುತ್ತವೆ. ಸಂಸ್ಕೃತದ ‘ಟಂಕ’ ಶಬ್ದಕ್ಕೆ ಕಲ್ಲುಕುಟಿಗನ ಉಳಿ ಎಂಬ ಅರ್ಥವೂ ಅಚ್ಚೊತ್ತಿದ ನಾಣ್ಯ ಎಂಬ ಅರ್ಥವೂ ಉಂಟು; ನಾಣ್ಯ ತಯಾರಾಗುವ ಸ್ಥಳವು ‘ಟಂಕಸಾಲೆ’. ಅಚ್ಚುಬೆಲ್ಲ, ಅಚ್ಚುಕೂಟಗಳಲ್ಲಿರುವ ‘ಅಚ್ಚು’ ಮನಸ್ಸಿಗೂ ಸಂದಿದೆ. ‘ಅಚ್ಚಳಿಯದ ನೆನಪು’ ಎಂದರೆ ಒತ್ತಿದ ಗುರುತು ಅಳಿಯದೆ ಉಳಿದ ನೆನಪು.

ಉಬ್ಬು ಅಲಂಕಾರಕ್ಕೆ ಮಾತ್ರ ಮೀಸಲಲ್ಲ. ಕಣ್ಣು ಕಾಣದವರಿಗೆ ಅದೇ ಅಕ್ಷರ. ಹಿಂದೆ ಫ್ರಾನ್ಸಿನಲ್ಲಿ ಅವರಿಗಾಗಿ ಸಾಮಾನ್ಯ ಅಕ್ಷರಗಳನ್ನೇ ಕಾಗದದ ಮೇಲೆ ದೊಡ್ಡದಾಗಿ ಉಬ್ಬಿಸಿ ಪುಸ್ತಕಗಳನ್ನು ಮಾಡಿದ್ದರು. ಕಣ್ಣಿಗೆ ಒಪ್ಪುವ ಆ ಆಕಾರಗಳನ್ನು ಬೆರಳಿನಿಂದ ಗುರುತಿಸುವುದು ಬಹಳ ನಿಧಾನದ ಕೆಲಸವಾಗಿತ್ತು. ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಲೂಯಿ ಬ್ರೈಲ್ (1809–1852) ಆರು ಚುಕ್ಕೆಗಳ ಲಿಪಿಯನ್ನು ರೂಪಿಸಿದನು. ಒಂದೊಂದು ಅಕ್ಷರವೂ ಬೆರಳ ತುದಿಯ ಅಳತೆಗೆ ಒಗ್ಗುವಂತಾಯಿತು. ಕನ್ನಡಕ್ಕೂ ಈ ಲಿಪಿ ಹೊಂದಿಕೊಂಡಿದೆ. ಕೈಯಿಂದ ಬರೆಯುವವರು ಕಾಗದವನ್ನು ಮೊನೆಯಿಂದ ಬಲದಿಂದ ಎಡಕ್ಕೆ ಒತ್ತುತ್ತಾ ಹೋಗುತ್ತಾರೆ. ಹಾಳೆಯನ್ನು ಮಗುಚಿದಾಗ ಚುಕ್ಕೆಗಳು ಎಡದಿಂದ ಬಲಕ್ಕೆ ಉಬ್ಬಿ ನಿಲ್ಲುತ್ತವೆ.

ತಗಡನ್ನು ಹಿಂದಿನಿಂದ ಬಡಿಯುವ ಕೈಗೂ ಅಚ್ಚನ್ನು ತಿರುವಾಗಿ ಕೊರೆಯುವ ಕೈಗೂ ತಿಳಿದಿದ್ದ ಗುಟ್ಟು ಇದೇ. ಆ ಹಳೆಯ ಕುಸುರಿಯ ಜಾಣ್ಮೆಯು ಇಲ್ಲಿ ವಿದ್ಯೆಯ ಬಾಗಿಲನ್ನೇ ತೆರೆಯಿತು.

ಅಭ್ಯಾಸ

1. ಕಲ್ಲಿನ ಉಬ್ಬಿಗೂ ತಗಡಿನ ಉಬ್ಬಿಗೂ ಇರುವ ವ್ಯತ್ಯಾಸವೇನು?
2. ‘ಅಚ್ಚಳಿಯದ’ ಎಂಬ ಪದವನ್ನು ಬಿಡಿಸಿ ಬರೆದು, ಸ್ವಂತ ವಾಕ್ಯದಲ್ಲಿ ಬಳಸಿರಿ.