ಹಿತ್ತಲ ಕೋಳಿಗಳಿಗೆ ತಕ್ಕ ಕಾವಲು ಪ್ರಾಣಿಗಳು

ಹತ್ತಿಪ್ಪತ್ತು ನಾಟಿ ಕೋಳಿಗಳನ್ನು ಹಿತ್ತಲಲ್ಲಿ ಸಾಕಿಕೊಂಡಿರುವ ಸಂಸಾರಗಳು ಕರ್ನಾಟಕದ ಹಳ್ಳಿಗಳಲ್ಲಿ ಹೇರಳವಾಗಿವೆ. ಬಡವರ ಮನೆಗಳಲ್ಲಿ ಹೆಂಗಸರ ಕೈಗೆ ಬರುವ ರೊಕ್ಕಕ್ಕೆ ಈ ಕೋಳಿಗಳೇ ಆಧಾರವು. ಒಂದು ರಾತ್ರಿ ಕಾಡುಬೆಕ್ಕು ಗೂಡನ್ನು ಹೊಕ್ಕಿತೆಂದರೆ ಆ ಆಧಾರವು ತಪ್ಪಿದಂತೆಯೇ ಸರಿ. ಆದುದರಿಂದ ಕಾವಲಿಗೆ ಯಾವ ಪ್ರಾಣಿಯನ್ನಿಡಬೇಕೆಂಬುದು ಅಲ್ಪವಾದ ವಿಚಾರವಲ್ಲ.

1. ಶತ್ರುವಿನ ಪರಿಚಯ:— ಹಗಲಿನಲ್ಲಿ ಮರಿಗಳನ್ನು ಎತ್ತಿಕೊಂಡು ಹೋಗುವುವು ಹದ್ದು ಮತ್ತು ಕಾಗೆಗಳು. ಮುಂಗುಸಿಯೂ ಹಗಲಿನಲ್ಲಿಯೇ ಸಂಚರಿಸುವುದು. ನರಿ, ಕಾಡುಬೆಕ್ಕು, ಪುನುಗಿನ ಬೆಕ್ಕುಗಳು ಬಹುಮಟ್ಟಿಗೆ ಕತ್ತಲಾದ ಮೇಲೆ ಬರುವುವು. ಯಾವ ಕುರುಹೂ ಇಲ್ಲದೆ ಮೊಟ್ಟೆಗಳು ಮಾಯವಾದರೆ ಹಾವು ಬಂದಿರಬಹುದೆಂದು ಶಂಕಿಸಬೇಕು. ಕೂಗಿ ಎಚ್ಚರಿಸುವ ಪ್ರಾಣಿ ಬೇರೆ, ಎದುರಿಸಿ ಓಡಿಸುವ ಪ್ರಾಣಿ ಬೇರೆ. ಈ ಭೇದವನ್ನರಿಯದೆ ಕಾವಲನ್ನಿಟ್ಟರೆ ನಷ್ಟವು ತಪ್ಪದು.

2. ಹುಂಜ:— ಹಿತ್ತಲಿನ ಮೊದಲನೆಯ ಕಾವಲುಗಾರನು ಹುಂಜವೇ. ಆಕಾಶದಲ್ಲಿ ಹದ್ದು ಕಂಡರೆ ಒಂದು ವಿಧವಾಗಿಯೂ, ನೆಲದ ಮೇಲೆ ಶತ್ರು ಕಂಡರೆ ಇನ್ನೊಂದು ವಿಧವಾಗಿಯೂ ಅದು ಕೂಗುವುದೆಂದು ಪರೀಕ್ಷೆಗಳಿಂದ ಸಿದ್ಧವಾಗಿದೆ. ಕೂಗನ್ನು ಕೇಳಿದ ಹೇಂಟೆಗಳು ಪೊದೆಯ ಮರೆಗೆ ಓಡುವುವು. ಹಿತ್ತಲು ಬರಿಯ ಬಯಲಾಗಿದ್ದರೆ ಕೂಗು ವ್ಯರ್ಥವು.

3. ಗಿನಿಕೋಳಿ:— ಇದು ಆಫ್ರಿಕ ಖಂಡದ ಪಕ್ಷಿಯು. ಅಪರಿಚಿತವಾದುದನ್ನು ಕಂಡೊಡನೆ ಗುಂಪುಗೂಡಿ ಕರ್ಕಶವಾಗಿ ಕೂಗುವುದು, ಆದರೆ ಹೋರಾಡಲಾರದು. ರಾತ್ರಿ ಮರದ ಮೇಲೆ ಕೂರುವ ಸ್ವಭಾವದ್ದಾದುದರಿಂದ, ಗೂಡಿಗೆ ಬರುವ ಅಭ್ಯಾಸವನ್ನು ಎಳೆತನದಲ್ಲಿಯೇ ಮಾಡಿಸತಕ್ಕದ್ದು.

4. ಹೆಬ್ಬಾತು:— ಕ್ರಿ. ಪೂ. 390ರ ಸುಮಾರಿನಲ್ಲಿ ಗಾಲ್ ಜನರು ರಾತ್ರಿಯ ವೇಳೆ ರೋಮ್ ನಗರದ ಕೋಟೆಯನ್ನು ಹತ್ತಿದಾಗ, ಹೆಬ್ಬಾತುಗಳ ಕೂಗಿನಿಂದ ಕಾವಲಿನವರು ಎಚ್ಚೆತ್ತರೆಂಬ ಐತಿಹ್ಯವುಂಟು. ಆದರೆ ಹಗೆಗಳನ್ನು ಕೆಳಕ್ಕೆ ನೂಕಿದವರು ಮನುಷ್ಯರೇ ಹೊರತು ಹೆಬ್ಬಾತುಗಳಲ್ಲ. ನರಿಯ ಮುಂದೆ ಹೆಬ್ಬಾತು ನಿಲ್ಲಲಾರದು. ಕೂಗಿದಾಗ ಮನೆಯವರು ಏಳಬೇಕು. ಹೊರಗಿನಿಂದ ತಂದ ಪಕ್ಷಿಗಳನ್ನು ಎರಡು ಮೂರು ವಾರಗಳು ಬೇರೆಯಾಗಿಯೇ ಇಡಬೇಕು. ಹೆಬ್ಬಾತುಗಳು ತಾವು ನರಳದೆ ಕೊಕ್ಕರೆ ರೋಗವನ್ನು ಕೋಳಿಗಳಿಗೆ ಹರಡಬಹುದು.

5. ಕಾಜಾಣ:— ಇದು ಸಾಕಿದ ಪಕ್ಷಿಯಲ್ಲ. ಆದರೂ ತನ್ನ ಗೂಡಿನ ಬಳಿ ಸುಳಿಯುವ ಹದ್ದುಕಾಗೆಗಳನ್ನು ಬೆನ್ನಟ್ಟಿ ಕುಕ್ಕುವುದು. ಇದು ಗೂಡು ಕಟ್ಟಿದ ಮರವನ್ನು ಕಡಿಯದಿರುವುದೇ ಕೂಲಿಯಿಲ್ಲದ ಕಾವಲು.

6. ನಾಯಿ:— ನರಿ, ಕಾಡುಬೆಕ್ಕುಗಳನ್ನು ಎದುರಿಸಿ ಓಡಿಸಲು ಈ ಎಲ್ಲವುಗಳಲ್ಲಿ ನಾಯಿಯೊಂದೇ ಸಮರ್ಥವಾದುದು. ಆದರೆ ಎಲ್ಲ ನಾಯಿಗಳೂ ಇದಕ್ಕೆ ತಕ್ಕವಲ್ಲ. ಮುಧೋಳದ ನಾಯಿಯು ಓಡುವ ಬೇಟೆಯನ್ನು ಅಟ್ಟಿ ಹಿಡಿಯುವ ತಳಿಯು. ಓಡುವ ಕೋಳಿಯೂ ಅದಕ್ಕೆ ಬೇಟೆಯಾಗಿ ತೋರಬಹುದು. ಕುರಿಮಂದೆಯೊಡನೆ ಬೆಳೆದ ಶಾಂತಸ್ವಭಾವದ ತಾಯಿಯ ಮರಿಯು ಉತ್ತಮವು. ಎಂಟು ವಾರದ ಮರಿಯನ್ನು ತಂದು, ಕೋಳಿಗಳು ಕಾಣುವಂತೆ ಕಟ್ಟಿ ಬೆಳೆಸಬೇಕು. ಒಂದೂವರೆ ಎರಡು ವರ್ಷ ತುಂಬುವವರೆಗೆ ಅದನ್ನು ಒಂಟಿಯಾಗಿ ಕೋಳಿಗಳೊಡನೆ ಬಿಡಕೂಡದು. ಸತ್ತ ಕೋಳಿಯನ್ನು ಎಂದಿಗೂ ಅದಕ್ಕೆ ಹಾಕಕೂಡದು. ಮೂರನೆಯ ತಿಂಗಳಿನಲ್ಲಿಯೂ ಅನಂತರ ಪಶುವೈದ್ಯರು ಹೇಳಿದಂತೆ ಪ್ರತಿವರ್ಷವೂ ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಹಾಕಿಸತಕ್ಕದ್ದು.

7. ಮುಖಂಡರ ಕರ್ತವ್ಯ:— ಊರಿನ ಕೋಳಿಗಳನ್ನು ಕೊಲ್ಲುವುದು ಅನೇಕ ವೇಳೆ ಕಾಡುಪ್ರಾಣಿಯಲ್ಲ, ಕಟ್ಟದೆ ಬಿಟ್ಟ ಸಾಕುನಾಯಿ. ಸ್ಥಿತಿವಂತರ ನಾಯಿಯು ಬಡವರ ಕೋಳಿಯನ್ನು ಹಿಡಿದಾಗ ದೂರು ಹೇಳಲು ಅಂಜುವವರೇ ಹೆಚ್ಚು. ಆದುದರಿಂದ ಜಮೀನುದಾರರು ಮೊದಲು ತಮ್ಮ ನಾಯಿಗಳನ್ನು ಅಂಕೆಯಲ್ಲಿಡುವುದು ನ್ಯಾಯವು. ನರಿ, ಮುಂಗುಸಿಗಳನ್ನು ಉರುಲಿನಿಂದ ಹಿಡಿಯುವುದೂ ವಿಷವಿಟ್ಟು ಕೊಲ್ಲುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವು. ಇಟ್ಟ ವಿಷವು ಕಾವಲುನಾಯಿಯನ್ನೂ ಕೊಲ್ಲುವುದು.

8. ಗೂಡು:— ಯಾವ ಪ್ರಾಣಿಯ ಕಾವಲಿದ್ದರೂ ಭದ್ರವಾದ ಗೂಡಿಗೆ ಅದು ಬದಲಾಗಲಾರದು. ಅರ್ಧ ಅಂಗುಲದ ಕಣ್ಣಿನ ತಂತಿಬಲೆಯನ್ನು ಬಿಗಿದು, ಸುತ್ತಲೂ ಒಂದು ಅಡಿ ಆಳಕ್ಕೆ ಕಲ್ಲು ಹೂಳಿ, ಹೊತ್ತು ಮುಳುಗುವ ಮುನ್ನ ಕೋಳಿಗಳನ್ನು ಎಣಿಸಿ ಬಾಗಿಲು ಹಾಕತಕ್ಕದ್ದು. ಗೂಡು ಭದ್ರವಾದ ಮೇಲೆಯೇ ಕಾವಲು ಪ್ರಾಣಿಯನ್ನು ಹುಡುಕುವುದು ಯುಕ್ತವು.