ನುಂಗುವುದು ಗಂಟಲೋ, ಮೆದುಳೋ?

ಊಟದ ನಡುವೆ ಯಾರಿಗಾದರೂ ನೆತ್ತಿಗೆ ಹತ್ತಿದರೆ, ಪಕ್ಕದಲ್ಲಿರುವವರು ತಲೆಯನ್ನು ತಟ್ಟಿ, ‘ಯಾರೋ ನೆನೆಸಿಕೊಂಡರು’ ಎನ್ನುವುದು ನಮ್ಮಲ್ಲಿ ವಾಡಿಕೆ. ವಾಸ್ತವವಾಗಿ ಅನ್ನದ ಅಗುಳು ನೆತ್ತಿಯ ಕಡೆಗೆ ಹೋಗಿರುವುದಿಲ್ಲ. ಶ್ವಾಸನಾಳದ ಬಾಗಿಲಿಗೆ ಹೋಗಿರುತ್ತದೆ. ಗಂಟಲಿನಲ್ಲಿ ಗಾಳಿಯ ದಾರಿಯೂ ಅನ್ನದ ದಾರಿಯೂ ಒಂದನ್ನೊಂದು ಹಾಯುತ್ತವೆ. ಇಂತಹ ಕೂಡುದಾರಿಯಲ್ಲಿ ಅಪಘಾತಗಳು ಇಷ್ಟು ವಿರಳವಾಗಿರುವುದೇ ಆಶ್ಚರ್ಯ.

ಮೊದಲು ಒಂದು ಚಿಕ್ಕ ಪ್ರಯೋಗವನ್ನು ಮಾಡಿ ನೋಡೋಣ. ಬಾಯಲ್ಲಿ ಏನೂ ಇಲ್ಲದಿರುವಾಗ, ಒಂದರ ಹಿಂದೆ ಒಂದರಂತೆ ಐದಾರು ಸಲ ಬೇಗಬೇಗನೆ ನುಂಗಲು ಯತ್ನಿಸೋಣ. ಮೊದಲೆರಡು ಸಲ ಸುಲಭ. ಆಮೇಲೆ ಗಂಟಲು ನಮ್ಮ ಮಾತನ್ನು ಕೇಳದು. ಬಾಯಲ್ಲಿದ್ದ ಲಾಲಾರಸ ಮುಗಿದುಹೋಗಿರುವುದೇ ಇದಕ್ಕೆ ಕಾರಣ. ತುತ್ತನ್ನು ಅಗಿದು ನಾಲಗೆಯಿಂದ ಹಿಂದಕ್ಕೆ ತಳ್ಳುವವರೆಗೆ ಮಾತ್ರ ನಾವು ಯಜಮಾನರು. ತುತ್ತೋ ಲಾಲಾರಸವೋ ಗಂಟಲ ಗೋಡೆಯನ್ನು ಮುಟ್ಟಿದೊಡನೆ ಅಧಿಕಾರ ನಮ್ಮ ಕೈತಪ್ಪುತ್ತದೆ.

ಅದು ಹೋಗುವುದು ಮೆದುಳಿನ ಬುಡದಲ್ಲಿ, ಬೆನ್ನುಹುರಿಯ ಮೇಲ್ತುದಿಗೆ ಹೊಂದಿಕೊಂಡಿರುವ ಮೆಡುಲ್ಲಾ ಎಂಬ ಭಾಗಕ್ಕೆ. ಇಲ್ಲಿರುವ ನರಕೋಶಗಳ ಒಂದು ಗುಂಪು, ಗಂಟಲಿನಿಂದ ಬಂದ ಸುದ್ದಿಯನ್ನು ಸ್ವೀಕರಿಸಿ ಕಾರ್ಯಕ್ರಮವನ್ನು ರಚಿಸುತ್ತದೆ. ಇನ್ನೊಂದು ಗುಂಪು ಅದನ್ನು ಸ್ನಾಯುಗಳಿಗೆ ಹಂಚುತ್ತದೆ. ಮೃದು ಅಂಗುಳು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿಯುತ್ತದೆ (ಗಂಟಲ ಮೇಲೆ ಬೆರಳಿಟ್ಟು ನುಂಗಿದರೆ ಇದು ತಿಳಿಯುವುದು). ಧ್ವನಿತಂತುಗಳು ಕೂಡಿಕೊಳ್ಳುತ್ತವೆ, ಎಪಿಗ್ಲಾಟಿಸ್ ಎಂಬ ಮುಚ್ಚಳ ಬಾಗುತ್ತದೆ, ಉಸಿರು ಕ್ಷಣಕಾಲ ನಿಲ್ಲುತ್ತದೆ, ಅನ್ನನಾಳದ ಮೇಲ್ಬಾಗಿಲು ತೆರೆಯುತ್ತದೆ. ಇದೆಲ್ಲಕ್ಕೂ ಹಿಡಿಯುವುದು ಸುಮಾರು 1 ಸೆಕೆಂಡು. 1956ರಲ್ಲಿ ಡಾಟಿ ಮತ್ತು ಬಾಸ್ಮ ಎಂಬ ವಿಜ್ಞಾನಿಗಳು ಪ್ರಾಣಿಗಳ ಈ ಸ್ನಾಯುಗಳಲ್ಲಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸಿದಾಗ, ಅವುಗಳ ಸರದಿ ಪ್ರತಿಸಲವೂ ಹೆಚ್ಚುಕಡಮೆ ಒಂದೇ ಆಗಿರುವುದು ಕಂಡುಬಂದಿತು.

ನರತಂತುವಿನೊಳಗೆ ಸಂದೇಶವು ವಿದ್ಯುತ್ ರೂಪದಲ್ಲಿ ಓಡುವುದರಿಂದ, ಭೌತವಿಜ್ಞಾನವನ್ನು ಓದುವ ನಾವು ಅದನ್ನು ಟೆಲಿಫೋನ್ ತಂತಿಗಳ ಜಾಲಕ್ಕೆ ಹೋಲಿಸಲು ಆತುರಪಡುತ್ತೇವೆ. ಹೋಲಿಕೆ ಅರ್ಧ ದಾರಿಗೇ ನಿಲ್ಲುತ್ತದೆ. ನರಕೋಶಗಳ ನಡುವೆ ಅತಿ ಸೂಕ್ಷ್ಮವಾದ ಸಂದಿಗಳಿವೆ; ಅಲ್ಲಿ ಸಂದೇಶವನ್ನು ದಾಟಿಸುವವು ಹೆಚ್ಚಾಗಿ ರಾಸಾಯನಿಕ ವಸ್ತುಗಳು. ಮೆಡುಲ್ಲಾದಲ್ಲಿ ಗ್ಲುಟಮೇಟ್ ‘ಹೊರಡು’ ಎನ್ನುತ್ತದೆ, ಗಾಬಾ ‘ತಡೆ’ ಎನ್ನುತ್ತದೆ. ಗಂಟಲ ಸ್ನಾಯುವಿಗೆ ಅಪ್ಪಣೆಯನ್ನು ತಲಪಿಸುವುದು ಅಸಿಟೈಲ್‌ಕೋಲೀನ್.

‘ತಡೆ’ ಎಂಬ ಸಂದೇಶ ಎಷ್ಟು ಮುಖ್ಯವೆಂಬುದನ್ನು, ಚೊಂಬನ್ನೆತ್ತಿ ಗಟಗಟನೆ ನೀರು ಕುಡಿಯುವವರಲ್ಲಿ ನೋಡಬಹುದು. ಅನ್ನನಾಳದ ಉದ್ದ ಸುಮಾರು 25 ಸೆಂಟಿಮೀಟರ್. ತುತ್ತನ್ನು ತಳ್ಳುವ ಸಂಕೋಚನದ ಅಲೆ ಅದನ್ನು ಇಳಿಯಲು 8ರಿಂದ 10 ಸೆಕೆಂಡು ಬೇಕು. ಒಂದೊಂದು ಗುಟುಕಿಗೂ ಒಂದೊಂದು ಅಲೆ ಹೊರಟರೆ, ಹಿಂದಿನ ಗುಟುಕಿನ ಅಲೆಯೇ ಮುಂದಿನ ನೀರಿಗೆ ಅಡ್ಡಗಟ್ಟೆಯಾಗುತ್ತಿತ್ತು. ಆದರೆ ಪ್ರತಿಯೊಂದು ಗುಟುಕೂ ಮೊದಲು ಕಳುಹಿಸುವುದು ‘ಸಡಿಲವಾಗು’ ಎಂಬ ಸಂದೇಶವನ್ನೇ. ಪೂರ್ಣವಾದ ಅಲೆ ಇಳಿದುಬರುವುದು ಕೊನೆಯ ಗುಟುಕಿನ ಬಳಿಕ. ಕೆಳಭಾಗದಲ್ಲಿ ಈ ಸಡಿಲಿಕೆಯನ್ನು ಮುಖ್ಯವಾಗಿ ಉಂಟುಮಾಡುವುದು ನೈಟ್ರಿಕ್ ಆಕ್ಸೈಡ್. ಅನಿಲವೊಂದು ದೂತನ ಕೆಲಸ ಮಾಡುವುದು ವಿಚಿತ್ರವಲ್ಲವೆ! ಅದನ್ನು ಬಿಡುವ ನರಕೋಶಗಳು ನಾಶವಾದರೆ ಜಠರದ ಬಾಗಿಲು ಸರಿಯಾಗಿ ತೆರೆಯದೆ, ಉಂಡ ಅನ್ನ ಅನ್ನನಾಳದಲ್ಲಿಯೇ ನಿಲ್ಲುತ್ತದೆ. ಈ ರೋಗದ ಹೆಸರು ಅಕಲೇಸಿಯ.

ಗಂಟಲಿನ ಹಂತ ಕೆಟ್ಟರೆ ಅಪಾಯ ಇನ್ನೂ ಹತ್ತಿರ. ಪಾರ್ಶ್ವವಾಯು ಬಡಿದವರಲ್ಲಿ ಆಹಾರವು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಉಂಟಾಗಬಹುದು. ಕೆಲವರಿಗೆ ಎಚ್ಚರಿಕೆಯ ಕೆಮ್ಮೂ ಬರುವುದಿಲ್ಲ. ಪ್ರಜ್ಞೆ ತಪ್ಪಿ ಬಿದ್ದವರ ಬಾಯಿಗೆ ನೀರು ಹೊಯ್ಯಬಾರದೆನ್ನುವುದೂ ಇದಕ್ಕಾಗಿಯೇ. ಕಾವಲುಗಾರ ಮಲಗಿರುವಾಗ ನೀರು ಯಾವ ದಾರಿಯನ್ನಾದರೂ ಹಿಡಿದೀತು.

1931ರಲ್ಲಿ ಆಯ್ಲರ್ ಮತ್ತು ಗ್ಯಾಡಮ್ ಕಂಡುಹಿಡಿದ ‘ಪಿ’ ವಸ್ತುವು ಗಂಟಲ ನರತುದಿಗಳಲ್ಲಿಯೂ ಇದೆ. ನುಂಗುವ ಪ್ರತಿಕ್ರಿಯೆಯನ್ನು ಎಚ್ಚರಿಸುವುದರಲ್ಲಿ ಅದಕ್ಕೆ ಪಾಲುಂಟು. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಈ ವಸ್ತುವನ್ನು ಬಿಡುಗಡೆ ಮಾಡಿಸುತ್ತದೆ. 1993ರಲ್ಲಿ ಜಪಾನಿನ ವೈದ್ಯರು ಅದನ್ನು ಅತ್ಯಲ್ಪ ಪ್ರಮಾಣದಲ್ಲಿ ವೃದ್ಧ ರೋಗಿಗಳ ಗಂಟಲಿಗೆ ಬಿಟ್ಟಾಗ, ತಡವಾಗುತ್ತಿದ್ದ ನುಂಗುವಿಕೆ ಬೇಗನೆ ಆರಂಭವಾಯಿತು. ಹಾಗೆಂದು ಮನೆಯಲ್ಲಿ ರೋಗಿಗೆ ಖಾರದ ಪುಡಿ ತಿನ್ನಿಸಲು ಯಾರೂ ಹೊರಡಬಾರದು; ಅವರು ಬಳಸಿದುದು ನೀರಿನಂತೆ ತೆಳುವಾದ ದ್ರಾವಣ.