ಇ-ಇನ್‌ವಾಯ್ಸ್: ಹಳೆಯ ವಹಿವಾಟನ್ನೂ ಪರಿಶೀಲಿಸಿ

ಗಣಕಯಂತ್ರದಲ್ಲಿ ಮುದ್ರಿಸಿದ ಬಿಲ್ಲೆಲ್ಲವೂ ಇ-ಇನ್‌ವಾಯ್ಸ್ ಅಲ್ಲ. ಬಿಲ್ಲಿನ ವಿವರಗಳನ್ನು ಜಿಎಸ್‌ಟಿಯ ಇನ್‌ವಾಯ್ಸ್ ನೋಂದಣಿ ಪೋರ್ಟಲ್‌ಗೆ ಸಲ್ಲಿಸಿ, ಐಆರ್‌ಎನ್ ಸಂಖ್ಯೆ ಹಾಗೂ ಕ್ಯೂಆರ್ ಕೋಡ್ ಪಡೆದಾಗ ಮಾತ್ರ ಅದು ಇ-ಇನ್‌ವಾಯ್ಸ್ ಎನಿಸುತ್ತದೆ.

2020ರ ಅಕ್ಟೋಬರ್ 1ರಂದು 500 ಕೋಟಿ ರೂ. ಮೀರಿದ ವಹಿವಾಟಿನ ಸಂಸ್ಥೆಗಳಿಗೆ ಜಾರಿಯಾದ ಈ ನಿಯಮವು, 2023ರ ಆಗಸ್ಟ್ 1ರಿಂದ 5 ಕೋಟಿ ರೂ. ಮೀರಿದವರಿಗೂ ವಿಸ್ತರಿಸಿತು. ಬ್ಯಾಂಕು, ವಿಮೆ ಮುಂತಾದ ಕೆಲವು ವರ್ಗಗಳಿಗೆ ವಿನಾಯಿತಿಯಿದೆ. ಕೇವಲ ಕಳೆದ ವರ್ಷದ ವಹಿವಾಟನ್ನು ನೋಡಿದರೆ ಸಾಲದು. 2017-18ರಿಂದೀಚೆಗೆ ಹಿಂದಿನ ಯಾವುದೇ ಒಂದು ಆರ್ಥಿಕ ವರ್ಷದಲ್ಲಿ ಮಿತಿ ದಾಟಿದ್ದರೂ ನಿಯಮ ಅನ್ವಯಿಸುತ್ತದೆ. ಒಂದೇ ಪ್ಯಾನ್ ಅಡಿಯಲ್ಲಿರುವ ಎಲ್ಲ ರಾಜ್ಯಗಳ ಶಾಖೆಗಳ ವಹಿವಾಟನ್ನೂ ಕೂಡಿಸತಕ್ಕದ್ದು.

ಉದಾಹರಣೆಗೆ, 2018-19ರಲ್ಲಿ 5.20 ಕೋಟಿ ರೂ. ವಹಿವಾಟು ನಡೆಸಿ, ಅನಂತರ 3 ಕೋಟಿಗೆ ಇಳಿದ ತಯಾರಕರೊಬ್ಬರನ್ನು ಪರಿಗಣಿಸಬಹುದು. ಅವರು ನೋಂದಾಯಿತ ವರ್ತಕರಿಗೆ 1,00,000 ರೂ. ಮೌಲ್ಯದ ಸರಕನ್ನು ಶೇ. 18 ತೆರಿಗೆ ವಿಧಿಸಿ ಸಾಮಾನ್ಯ ಬಿಲ್ಲಿನಲ್ಲಿ ಮಾರಿದರೆ, ನಿಯಮ 48(5)ರ ಪ್ರಕಾರ ಅದು ಇನ್‌ವಾಯ್ಸ್ ಎಂದೇ ಪರಿಗಣಿತವಾಗದು. ಖರೀದಿದಾರರ 18,000 ರೂ. ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್‌ಗೆ ಧಕ್ಕೆ ಒದಗುತ್ತದೆ. ಅಂಥ ಖರೀದಿದಾರರು ಮತ್ತೊಬ್ಬ ಮಾರಾಟಗಾರರತ್ತ ತಿರುಗಿದರೆ ಆಶ್ಚರ್ಯವಿಲ್ಲ.

ಆದುದರಿಂದ ಸದಸ್ಯರು 2017-18ರಿಂದ ವರ್ಷವಾರು ವಹಿವಾಟಿನ ಪಟ್ಟಿಯನ್ನು ಸಿದ್ಧಪಡಿಸುವುದು ಒಳಿತು. ನಿಯಮ ಅನ್ವಯಿಸುವವರು ತಿಂಗಳ ಕೊನೆಯವರೆಗೆ ಕಾಯದೆ, ಸರಕು ಗೋದಾಮಿನಿಂದ ಹೊರಡುವ ಮುನ್ನವೇ ಐಆರ್‌ಎನ್ ಪಡೆಯುವ ಪದ್ಧತಿಯನ್ನು ರೂಢಿಸಿಕೊಳ್ಳುವುದು ಕ್ಷೇಮಕರ.